ಫಾರ್ನ್ ದ್ವೀಪದ ಅತಿಥಿಶಾಲೆ

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪದಲ್ಲಿ, ಲಿಂಡಿಸ್‌ಫಾರ್ನ್ ಎಂಬ ದ್ವೀಪವಿದೆ. ಅಲ್ಲಿಯ ಜನ ಅದನ್ನು ಪವಿತ್ರ ದ್ವೀಪವೆಂದೇ ಕರೆಯುತ್ತಾರೆ. ಕಡಲು ದಿನಕ್ಕೆ ಎರಡು ಸಲ ಉಬ್ಬಿ ಬಂದು ಅದನ್ನು ನೆಲದಿಂದ ಬೇರೆ ಮಾಡುತ್ತದೆ. ಎರಡು ಸಲ ಹಿಂಜರಿದು ಮತ್ತೆ ನೆಲಕ್ಕೆ ಕೂಡಿಸುತ್ತದೆ. 1954ರಲ್ಲಿ ಮರಳಿನ ಮೇಲೆ ರಸ್ತೆ ಹಾಕಿದ್ದಾಯಿತು. ಆದರೆ ಉಬ್ಬರದ ವೇಳೆಗೆ ಆ ರಸ್ತೆಯೂ ನೀರಿನಲ್ಲಿ ಮುಳುಗುತ್ತದೆ. ಅವಸರದ ಪ್ರಯಾಣಿಕರು ಮೋಟಾರನ್ನು ನಡುನೀರಿನಲ್ಲಿ ಬಿಟ್ಟು, ಕಂಬಗಳ ಮೇಲೆ ಕಟ್ಟಿದ ಆಸರೆಗೂಡನ್ನು ಹತ್ತಿ ಕುಳಿತ ಪ್ರಸಂಗಗಳು ಎಷ್ಟೋ ಇವೆ. ಅಲ್ಲಿಯ ಕ್ರೈಸ್ತ ವಿಶ್ರಾಂತಿಗೃಹದಲ್ಲಿ ಕೆಲವು ದಿನ ಮೌನವಾಗಿದ್ದು ಬರಬೇಕೆಂದು ಯೋಚಿಸುವವರು ಯಾವ ಪುಸ್ತಕವನ್ನು ಒಯ್ಯಬೇಕು, ಎಂಥ ಉಡುಪು ಬೇಕು ಎಂಬುದನ್ನೆಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲು ನೋಡಬೇಕಾದದ್ದು ಉಬ್ಬರವಿಳಿತದ ಪಟ್ಟಿ. ಏಕಾಂತಕ್ಕೆ ಹೊರಟವನು ಮೊಟ್ಟಮೊದಲು ಕಡಲಿನ ಅಪ್ಪಣೆ ಪಡೆಯಬೇಕು.

ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಇದೇ ದ್ವೀಪದಲ್ಲಿದ್ದ ಸಂನ್ಯಾಸಿಯೊಬ್ಬನಿಗೆ ಈ ಅರ್ಧ ದ್ವೀಪ ಸಾಲದೆ ಹೋಯಿತು. ಎರಡು ಹೊತ್ತು ನೆಲಕ್ಕೆ ತೆರೆದುಕೊಳ್ಳುವ ಜಾಗ ಅವನಿಗೆ ಬೇಡವಾಗಿತ್ತು. ಎಲ್ಲ ಕಾಲದಲ್ಲಿಯೂ ಆಳವಾದ ಕಡಲು ಸುತ್ತುವರಿದಿರುವ ಬಂಡೆಯೊಂದು ಬೇಕಾಗಿತ್ತು. ಅಂಥದನ್ನು ಹುಡುಕಿಕೊಂಡು ಹೋಗಿ ಅಲ್ಲಿ ತನ್ನ ಕೈಯಾರೆ ಎರಡು ಮನೆಗಳನ್ನು ಕಟ್ಟಿದನು. ಒಂದು, ಯಾರ ಕಣ್ಣಿಗೂ ಬೀಳದಂತೆ ತಾನು ಅಡಗಿರುವುದಕ್ಕೆ. ಇನ್ನೊಂದು, ತನ್ನನ್ನು ನೋಡಲು ಬರುವವರು ಇಳಿದುಕೊಳ್ಳುವುದಕ್ಕೆ. ಸಂತ ಕತ್‌ಬರ್ಟನ ಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಮೊದಲನೆಯ ಮನೆಯನ್ನೇ ನೆನೆಯುತ್ತಾರೆ. ನನಗೆ ಎರಡನೆಯದು ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ.

ಆತನ ಚರಿತ್ರೆಯನ್ನು ನಾವು ಅರಿಯಲು ಮುಖ್ಯವಾದ ಆಧಾರಗಳು ಎರಡು. ಆತ ತೀರಿಹೋದ ಇಪ್ಪತ್ತು ವರ್ಷಗಳೊಳಗೆ ಲಿಂಡಿಸ್‌ಫಾರ್ನಿನ ಸಂನ್ಯಾಸಿಯೊಬ್ಬ ತನ್ನ ಹೆಸರನ್ನು ಹೇಳದೆ ಬರೆದಿಟ್ಟದ್ದು ಒಂದು. ಅದನ್ನು ಆಧರಿಸಿ, ಕಂಡವರನ್ನು ಕೇಳಿ, ಜಾರೋ ಮಠದ ಮಹಾವಿದ್ವಾಂಸ ಬೀಡನು ಸುಮಾರು 721ರ ಹೊತ್ತಿಗೆ ಲ್ಯಾಟಿನ್ ಗದ್ಯದಲ್ಲಿ ರಚಿಸಿದ್ದು ಇನ್ನೊಂದು. ಎರಡರಲ್ಲಿಯೂ ಪವಾಡಗಳು ಹೇರಳವಾಗಿವೆ. ನಂಬುವುದು ಬಿಡುವುದು ಓದುಗರ ಮನೋಧರ್ಮಕ್ಕೆ ಸೇರಿದ್ದು. ಆದರೆ ಬೀಡನು ಬರಿಯ ಭಕ್ತನಲ್ಲ. ಬರೆದುದನ್ನು ಕತ್‌ಬರ್ಟನ ಬಳಿಯಿದ್ದ ಹಿರಿಯರಿಗೆ ತೋರಿಸಿ, ಅವರು ಹೇಳಿದಂತೆ ತಿದ್ದಿ, ಅನಂತರ ಪ್ರಕಟಪಡಿಸಿದ ಚರಿತ್ರಕಾರ. ಪವಾಡದ ಮಂಜು ಸರಿದಲ್ಲಿ ಒಂದು ಜೊತೆ ಚರ್ಮದ ಪಾದರಕ್ಷೆ, ಒಂದು ಮರದ ತೊಲೆ, ಐದು ಈರುಳ್ಳಿ, ಇಂಥ ವಸ್ತುಗಳು ಅವನ ಬರವಣಿಗೆಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಅವನ್ನು ಯಾರೂ ಕಲ್ಪಿಸಿ ಬರೆಯಲಾರರು.

ಕತ್‌ಬರ್ಟನು ಹುಟ್ಟಿದ್ದು ಸುಮಾರು 635ರಲ್ಲಿ. ಆಗ ಇಂಗ್ಲೆಂಡು ಒಂದು ದೇಶವಾಗಿರಲಿಲ್ಲ. ಹಲವು ಸಣ್ಣ ರಾಜ್ಯಗಳ ಸಮೂಹವಾಗಿತ್ತು. ಅವುಗಳಲ್ಲಿ ಉತ್ತರದ ನಾರ್ಥಂಬ್ರಿಯ ಬಲಿಷ್ಠವಾದದ್ದು. ಅಲ್ಲಿಯ ದೊರೆ ಆಸ್ವಾಲ್ಡನು ಅಯೋನ ದ್ವೀಪದಿಂದ ಏಡನ್ ಎಂಬ ಐರಿಷ್ ಸಂನ್ಯಾಸಿಯನ್ನು ಕರೆಸಿಕೊಂಡು, 635ರಲ್ಲಿ ಲಿಂಡಿಸ್‌ಫಾರ್ನನ್ನು ಆತನಿಗೆ ಬಿಟ್ಟುಕೊಟ್ಟನು. ಹೀಗೆ ಮಠವೂ ಮಗುವೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು. ಬಾಲಕ ಕತ್‌ಬರ್ಟನು ಓಟ, ನೆಗೆತ, ಕುಸ್ತಿಗಳಲ್ಲಿ ಓರಗೆಯವರನ್ನು ಮೀರಿಸುತ್ತಿದ್ದನಂತೆ. ಬೆಳೆದ ಮೇಲೆ ಬೆಟ್ಟಗಾಡಿನಲ್ಲಿ ಕುರಿ ಕಾಯುತ್ತಿದ್ದನು. 651ರ ಆಗಸ್ಟ್ ತಿಂಗಳ ಕೊನೆಯ ದಿನ, ಜೊತೆಯ ಕುರುಬರು ಮಲಗಿದ್ದಾಗ, ಆಕಾಶದಲ್ಲಿ ಬೆಳಕಿನ ಹೊಳೆಯೊಂದು ಇಳಿದು ಯಾವುದೋ ಪುಣ್ಯಾತ್ಮನನ್ನು ಮೇಲಕ್ಕೆ ಒಯ್ದಂತೆ ಅವನಿಗೆ ಕಂಡಿತು. ಏಡನನು ಅದೇ ರಾತ್ರಿ ತೀರಿಕೊಂಡನೆಂಬ ಸುದ್ದಿ ಆಮೇಲೆ ಬಂದಿತು. ಕುರಿಗಳನ್ನು ಅವುಗಳ ಒಡೆಯರಿಗೆ ಒಪ್ಪಿಸಿ ಹುಡುಗ ಟ್ವೀಡ್ ನದಿಯ ತಿರುವಿನಲ್ಲಿದ್ದ ಮೆಲ್‌ರೋಸ್ ಮಠಕ್ಕೆ ಹೊರಟನು. ಹೋದದ್ದು ಕುದುರೆಯ ಮೇಲೆ, ಕೈಯಲ್ಲಿ ಈಟಿ ಹಿಡಿದು. ಕುರಿ ಕಾಯುತ್ತಿದ್ದರೂ ಬಡವರ ಮಗನಲ್ಲವೆಂದು ಇದರಿಂದ ಊಹಿಸಬಹುದು. ಬಾಗಿಲಲ್ಲಿ ನಿಂತಿದ್ದ ಬಾಯ್ಸಿಲ್ ಎಂಬ ಹಿರಿಯನು ಅವನನ್ನು ಕಂಡೊಡನೆ ಗುರುತಿಸಿದವನಂತೆ ಬರಮಾಡಿಕೊಂಡನು. ಗುರುಶಿಷ್ಯರ ಸಂಬಂಧ ಆ ಹೊಸ್ತಿಲಲ್ಲಿಯೇ ಬೆಳೆಯಿತೆನ್ನಬೇಕು.

ಕೆಲವು ವರ್ಷಗಳಾದ ಮೇಲೆ ರಿಪನ್ ಎಂಬಲ್ಲಿ ಹೊಸ ಮಠ ಕಟ್ಟಲು ಮೆಲ್‌ರೋಸಿನ ಮಠಾಧಿಪತಿ ಈಟನಿಗೆ ಭೂಮಿ ದೊರಕಿತು. ಈಟನ ಜೊತೆಗೆ ಹೋದವರಲ್ಲಿ ಕತ್‌ಬರ್ಟನೂ ಒಬ್ಬ. ಅಲ್ಲಿ ಅವನಿಗೆ ವಹಿಸಿದ ಕೆಲಸ ಅತಿಥಿಸತ್ಕಾರ. ಬಂದವರಿಗೆ ಕೈಗೆ ನೀರು ಕೊಡುವುದು, ಕಾಲು ತೊಳೆಯುವುದು, ಚಳಿಯಿಂದ ಮರಗಟ್ಟಿದ ಪಾದಗಳನ್ನು ಒರಸಿ ಬೆಚ್ಚಗೆ ಮಾಡುವುದು, ಊಟಕ್ಕಿಡುವುದು. ಒಂದು ದಿನ ಮುಂಜಾನೆ ಹಿಮ ಬಿದ್ದಿತ್ತು. ಅತಿಥಿಶಾಲೆಯಲ್ಲಿ ಒಬ್ಬ ತರುಣ ಕುಳಿತಿದ್ದನು. ಕತ್‌ಬರ್ಟನು ಅವನ ಕಾಲು ತೊಳೆದು, ಉಣ್ಣದೆ ಹೋಗಕೂಡದೆಂದು ಬಲವಂತಪಡಿಸಿ, ರೊಟ್ಟಿ ತರಲು ಒಳಗೆ ಹೋದನು. ತಿರುಗಿ ಬರುವಷ್ಟರಲ್ಲಿ ಅತಿಥಿ ಇರಲಿಲ್ಲ. ಹೊರಗಿನ ಹಿಮದಲ್ಲಿ ಹೆಜ್ಜೆಯ ಗುರುತೂ ಇರಲಿಲ್ಲ. ಒಳಗೆ ಹೊಸದಾಗಿ ಸುಟ್ಟ, ಸುವಾಸನೆಯ ಮೂರು ರೊಟ್ಟಿಗಳು ಮಾತ್ರ ಇದ್ದವು. ಬಂದವನು ದೇವದೂತನೆಂದು ಬೀಡನು ಬರೆಯುತ್ತಾನೆ. ಆ ಮಾತು ಹಾಗಿರಲಿ. ಏಕಾಂತದ ಸಂತನೆಂದು ಲೋಕ ಹೊಗಳುವ ಈ ಮನುಷ್ಯ ಮಠಜೀವನದಲ್ಲಿ ಮೊದಲು ಹಿಡಿದದ್ದು ನೀರಿನ ಚೊಂಬು ಮತ್ತು ಒರಸುವ ಬಟ್ಟೆ ಎಂಬುದನ್ನು ನಾವು ಮರೆಯಬಾರದು.

ರಿಪನ್ ಬಹುಕಾಲ ಅವರ ಕೈಯಲ್ಲಿ ಉಳಿಯಲಿಲ್ಲ. ಈಸ್ಟರ್ ಹಬ್ಬವನ್ನು ಯಾವ ಗಣನೆಯಿಂದ ಗೊತ್ತುಮಾಡಬೇಕು, ಸಂನ್ಯಾಸಿಗಳು ತಲೆಯನ್ನು ಹೇಗೆ ಬೋಳಿಸಬೇಕು ಎಂಬ ವಿಷಯಗಳಲ್ಲಿ ಐರಿಷ್ ಸಂಪ್ರದಾಯಕ್ಕೂ ರೋಮಿನ ಸಂಪ್ರದಾಯಕ್ಕೂ ಜಗಳವೆದ್ದಿತ್ತು. ರೋಮಿನ ಪಕ್ಷದ ವಿಲ್‌ಫ್ರಿಡನಿಗೆ ಮಠ ಸೇರಿತು. ಈಟನೂ ಅವನ ಕಡೆಯವರೂ ಹಿಂದಿರುಗಿದರು. ಅಷ್ಟರಲ್ಲಿ ಪ್ಲೇಗು ಬಂದಿತು. ಕತ್‌ಬರ್ಟನಿಗೂ ಅದು ತಗಲಿತು. ಮಠದವರು ರಾತ್ರಿಯೆಲ್ಲ ಅವನಿಗಾಗಿ ಪ್ರಾರ್ಥಿಸಿದರು. ಬೆಳಗ್ಗೆ ಅದನ್ನು ಕೇಳಿದವನೇ ಕೋಲನ್ನೂ ಪಾದರಕ್ಷೆಗಳನ್ನೂ ತರಿಸಿಕೊಂಡು ಎದ್ದು ನಿಂತನು. ಗುಣವಾಯಿತು, ಆದರೆ ಒಳಗಿನ ನೋವು ಜೀವಮಾನವೆಲ್ಲ ಉಳಿಯಿತು. ಬಾಯ್ಸಿಲನು ಮಾತ್ರ ಉಳಿಯಲಿಲ್ಲ. ತನಗೆ ಇನ್ನು ಏಳೇ ದಿನವೆಂದು ತಿಳಿದ ಗುರು ಶಿಷ್ಯನನ್ನು ಕೂರಿಸಿಕೊಂಡು ಯೋಹಾನನ ಸುವಾರ್ತೆಯನ್ನು ದಿನಕ್ಕೊಂದು ಭಾಗದಂತೆ ಓದಿ ಮುಗಿಸಿದನು. ತರ್ಕದ ತೊಡಕುಗಳನ್ನೆಲ್ಲ ಬಿಟ್ಟು ಸರಳವಾದ ಶ್ರದ್ಧೆಯ ಮಾತುಗಳನ್ನಷ್ಟೇ ಆರಿಸಿಕೊಂಡದ್ದರಿಂದ ಏಳು ದಿನ ಸಾಕಾಯಿತಂತೆ. ಆ ದಿನಗಳಲ್ಲಿಯೇ ಬಾಯ್ಸಿಲನು ಶಿಷ್ಯನ ಭವಿಷ್ಯವನ್ನು ಹೇಳಿದನು: ಅವನು ಬಿಷಪ್ ಆಗುವನು. ಕತ್‌ಬರ್ಟನು ಆ ಮಾತನ್ನು ಆಶೀರ್ವಾದವೆಂದು ಸ್ವೀಕರಿಸಲಿಲ್ಲ. ಬಹುಕಾಲ ಅದನ್ನು ಒಂದು ಭಯವಾಗಿ ಎದೆಯಲ್ಲಿಟ್ಟುಕೊಂಡಿದ್ದನು.

ಗುರುವಿನ ಸ್ಥಾನಕ್ಕೆ, ಅಂದರೆ ಮಠಾಧಿಪತಿಯ ಕೆಳಗಿನ ಎರಡನೆಯ ಅಧಿಕಾರಕ್ಕೆ, ಅವನೇ ಬಂದನು. ಪ್ಲೇಗಿಗೆ ಹೆದರಿ ತಾಯಿತ ಮಂತ್ರಗಳಿಗೆ ತಿರುಗಿದ್ದ ಹಳ್ಳಿಗರನ್ನು ಹುಡುಕಿಕೊಂಡು, ಬೇರೆ ಬೋಧಕರು ಹೋಗಲಂಜುವ ಬೆಟ್ಟದ ಮೇಲಣ ಬಡ ಊರುಗಳಿಗೆ ಹೋಗುತ್ತಿದ್ದನು. ವಾರ, ಎರಡು ವಾರ, ಕೆಲವೊಮ್ಮೆ ಇಡೀ ತಿಂಗಳು ಮಠಕ್ಕೆ ತಿರುಗುತ್ತಿರಲಿಲ್ಲ. ಒಮ್ಮೆ ಕೋಲ್ಡಿಂಗಮ್ ಮಠದಲ್ಲಿ ತಂಗಿದ್ದಾಗ ರಾತ್ರಿ ಕತ್ತಿನವರೆಗೆ ಕಡಲಿನಲ್ಲಿ ನಿಂತು ಪ್ರಾರ್ಥಿಸಿ, ಬೆಳಗಿನ ಜಾವ ದಡಕ್ಕೆ ಬಂದಾಗ, ಎರಡು ನೀರುನಾಯಿಗಳು ಅವನ ಪಾದಗಳಿಗೆ ಉಸಿರೂದಿ, ಮೈಯಿಂದ ಉಜ್ಜಿ ಒಣಗಿಸಿದವೆಂದು ಮರೆಯಲ್ಲಿ ನಿಂತು ನೋಡಿದ ಸಂನ್ಯಾಸಿ ಹೇಳಿದನು. ಊರೂರಿನ ಅತಿಥಿಗಳ ಕಾಲು ತೊಳೆದವನಿಗೆ ಕಡಲಿನ ಪ್ರಾಣಿಗಳು ಮಾಡಿದ ಸತ್ಕಾರ ಇದು.

664ರಲ್ಲಿ ವಿಟ್‌ಬಿಯಲ್ಲಿ ನಡೆದ ಧರ್ಮಸಭೆ ರೋಮಿನ ಪಕ್ಷಕ್ಕೆ ತೀರ್ಪು ಕೊಟ್ಟಿತು. ಲಿಂಡಿಸ್‌ಫಾರ್ನಿನ ಐರಿಷ್ ಬಿಷಪ್ ಕೋಲ್ಮನನು ತನ್ನವರನ್ನು ಕರೆದುಕೊಂಡು ಹೊರಟುಹೋದನು. ಉಳಿದವರನ್ನು ಸಂಭಾಳಿಸುವುದಕ್ಕೆ ಈಟನು ಬಂದನು. ಕೆಲಕಾಲದ ಮೇಲೆ ಕತ್‌ಬರ್ಟನನ್ನೂ ಕರೆಸಿಕೊಂಡನು. ಹಳೆಯ ಪದ್ಧತಿಯಲ್ಲಿ ಬೆಳೆದ ಸಂನ್ಯಾಸಿಗಳಿಗೆ ಹೊಸ ನಿಯಮ ರುಚಿಸಲಿಲ್ಲ. ಮಠದ ಸಭೆಗಳಲ್ಲಿ ಕತ್‌ಬರ್ಟನನ್ನು ಕಟುವಾಗಿ ನಿಂದಿಸುತ್ತಿದ್ದರು. ಮಾತು ಮಿತಿಮೀರಿದಾಗ ಅವನು ಶಾಂತವಾಗಿ ಎದ್ದು ಸಭೆಯನ್ನು ಮುಗಿಸಿ ಹೊರಟುಬಿಡುವನು. ಮರುದಿನ ಏನೂ ನಡೆಯಲಿಲ್ಲವೆಂಬಂತೆ ಬಂದು ಅದೇ ಮಾತನ್ನು ಮೊದಲಿನಿಂದ ಹೇಳುವನು. ಇದು ಒಂದೆರಡು ದಿನದ ಕಥೆಯಲ್ಲ, ವರ್ಷಗಳ ಕೆಲಸ. ಕೊನೆಗೆ ಅವರು ಮಣಿದರು. ಸಂತರ ತಾಳ್ಮೆಯನ್ನು ಹೊಗಳುವವರು ಹುಲಿ ಸಿಂಹಗಳ ಕಥೆಗಳನ್ನು ಹೇಳುವುದುಂಟು. ಸಮಿತಿಯ ಸಭೆಗಳಲ್ಲಿ ಕುಳಿತು ಗೊತ್ತಿರುವವರು ಈ ಕಥೆಯನ್ನು ಹೆಚ್ಚು ನಂಬುತ್ತಾರೆ.

ಮಠ ಒಂದು ಹದಕ್ಕೆ ಬಂದ ಮೇಲೆ ಅವನ ಮನಸ್ಸು ಏಕಾಂತದ ಕಡೆಗೆ ಹರಿಯಿತು. ಅದಕ್ಕೂ ಅವನು ಒಮ್ಮೆಗೇ ಹಾರಲಿಲ್ಲ. ಮೊದಲು ಮಠದ ಹೊರಗಣ ಒಂದು ಜಾಗದಲ್ಲಿ ಇದ್ದು ನೋಡಿದನು. ಲಿಂಡಿಸ್‌ಫಾರ್ನಿನ ಅಂಚಿನಲ್ಲಿರುವ, ಇಂದಿಗೂ ಅವನ ಹೆಸರನ್ನೇ ಹೊತ್ತಿರುವ ಪುಟ್ಟ ನಡುಗಡ್ಡೆಯೇ ಆ ಜಾಗವೆಂದು ಹೇಳುತ್ತಾರೆ. ಅಲ್ಲಿಂದ ಕೂಗಿದರೆ ಮಠಕ್ಕೆ ಕೇಳಿಸುತ್ತದೆ. ಈ ಅಭ್ಯಾಸ ಮುಗಿದ ಮೇಲೆ, ಮಠಾಧಿಪತಿಯ ಮತ್ತು ಸಹೋದರರ ಒಪ್ಪಿಗೆ ಪಡೆದು, 676ರಲ್ಲಿ ಆರೇಳು ಮೈಲಿ ಆಗ್ನೇಯಕ್ಕಿರುವ ಫಾರ್ನ್ ದ್ವೀಪಕ್ಕೆ ಹೋದನು. ಇಪ್ಪತ್ತು ಎಕರೆಯೂ ಇಲ್ಲದ ಕರಿಗಲ್ಲಿನ ದಿಬ್ಬ ಅದು. ನೀರಿಲ್ಲ, ಮರವಿಲ್ಲ. ಏಡನನು ಆಗಾಗ್ಗೆ ಪ್ರಾರ್ಥನೆಗೆಂದು ಹೋಗಿ ಬರುತ್ತಿದ್ದನೇ ಹೊರತು ಅಲ್ಲಿಯೇ ನೆಲೆ ನಿಂತಿರಲಿಲ್ಲ. ದೆವ್ವಗಳಿರುವ ಜಾಗವೆಂದು ಜನ ಹೆದರುತ್ತಿದ್ದರು.

ಕತ್‌ಬರ್ಟನು ಅಲ್ಲಿ ಕಟ್ಟಿದ ನಿವಾಸವನ್ನು ಬೀಡನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತಾನೆ. ಸುತ್ತಲೂ ಒರಟು ಕಲ್ಲು ಮತ್ತು ಹುಲ್ಲುಗಟ್ಟಿದ ಮಣ್ಣಿನ ಹೆಂಟೆಗಳಿಂದ ಎಬ್ಬಿಸಿದ ದುಂಡನೆಯ ಗೋಡೆ. ಹೊರಗಿನಿಂದ ನೋಡಿದರೆ ಅದು ಆಳಿಗಿಂತ ಸ್ವಲ್ಪ ಎತ್ತರ; ಒಳಗೆ ಬಂಡೆಯನ್ನೇ ಕಡಿದು ತಗ್ಗು ಮಾಡಿದ್ದರಿಂದ ಇನ್ನೂ ಎತ್ತರ. ಒಳಗೆ ನಿಂತವನಿಗೆ ಆಕಾಶವಲ್ಲದೆ ಬೇರೇನೂ ಕಾಣದು. ಕಡಲಿನ ನಡುವೆ ಇದ್ದುಕೊಂಡು ಕಡಲನ್ನೂ ನೋಡಬಾರದೆಂಬುದು ಅವನ ಉದ್ದೇಶ. ಗೋಡೆಯೊಳಗೆ ಒಂದು ಪ್ರಾರ್ಥನಾಮಂದಿರ, ಒಂದು ವಾಸದ ಕೋಣೆ. ಮೇಲೆ ಒರಟು ಮರ ಮತ್ತು ಹುಲ್ಲಿನ ಹೊದಿಕೆ. ಗಟ್ಟಿ ಬಂಡೆಯ ನೆಲದ ನಡುವೆ ಸಹೋದರರಿಂದ ಗುಂಡಿ ತೋಡಿಸಿದಾಗ ಮರುದಿನ ನೀರು ತುಂಬಿತ್ತು. ಅದು ಎಂದೂ ಉಕ್ಕಲಿಲ್ಲ, ಎಂದೂ ಬತ್ತಲಿಲ್ಲ. ಬಂಡೆಯ ಅಂಚಿನಲ್ಲಿ ಅಲೆ ಕೊರೆದ ಕಂಡಿಯ ಮೇಲೆ ನಿತ್ಯದ ಅಗತ್ಯಕ್ಕಾಗಿ ಒಂದು ಪುಟ್ಟ ಮರೆ ಕಟ್ಟಲು ಹನ್ನೆರಡಡಿಯ ತೊಲೆ ಬೇಕಾಗಿತ್ತು. ತರುತ್ತೇವೆಂದ ಸಹೋದರರು ಮರೆತುಬಂದರು. ಅದೇ ರಾತ್ರಿ ಕಡಲು ಸರಿಯಾದ ಅಳತೆಯ ತೊಲೆಯೊಂದನ್ನು ತಂದು ಆ ಜಾಗದಲ್ಲಿಯೇ ಹಾಕಿತು. ಪಾಯಖಾನೆಯ ವಿಷಯದಲ್ಲಿಯೂ ಪವಾಡ ಬರೆದ ಬೀಡನ ಧೈರ್ಯವನ್ನು ಮೆಚ್ಚಬೇಕು.

ಇದಿಷ್ಟೂ ತನಗಾಗಿ. ಇನ್ನು ದೋಣಿ ಬಂದು ನಿಲ್ಲುವ ಕಡೆ, ಇದಕ್ಕಿಂತ ದೊಡ್ಡದಾದ ಇನ್ನೊಂದು ಮನೆ. ಹತ್ತಿರದಲ್ಲಿಯೇ ಒಂದು ಬಾವಿ. ಬರುವ ಸಂನ್ಯಾಸಿಗಳು ತಂಗಲು, ದಣಿವಾರಿಸಿಕೊಳ್ಳಲು. ಯಾರೂ ಬರಬಾರದೆಂದು ಕಡಲು ದಾಟಿ ಬಂದವನು, ಬಂದೊಡನೆ ಬರುವವರಿಗೊಂದು ಸೂರು ಕಟ್ಟಿದ್ದೇಕೆ? ರಿಪನ್ನಿನ ಅತಿಥಿಸತ್ಕಾರಕನು ಈ ಬಂಡೆಗೂ ಬಂದಿದ್ದನೆಂದೇ ನನ್ನ ಉತ್ತರ. ಮನುಷ್ಯನು ಬಿಟ್ಟುಬರಬೇಕೆಂದುದನ್ನೆಲ್ಲ ಬಿಟ್ಟುಬರಲಾರನು. ಅವನ ಒಳ್ಳೆಯ ಅಭ್ಯಾಸಗಳೂ ಬೆನ್ನಟ್ಟಿ ಬರುತ್ತವೆ.

ಜನ ಬಂದರು. ಲಿಂಡಿಸ್‌ಫಾರ್ನಿನಿಂದ ಮಾತ್ರವಲ್ಲ, ಬ್ರಿಟನ್ನಿನ ದೂರದ ಭಾಗಗಳಿಂದಲೂ ಬಂದರು. ಮಾಡಿದ ಪಾಪವನ್ನು ಹೇಳಿಕೊಳ್ಳುವವರು, ಮನಸ್ಸಿನ ಕಳವಳವನ್ನು ತೋಡಿಕೊಳ್ಳುವವರು. ಸಮಾಧಾನವಿಲ್ಲದೆ ತಿರುಗಿದವರಿಲ್ಲವೆಂದು ಬೀಡನು ಬರೆಯುತ್ತಾನೆ. ಮೊದಮೊದಲು ಅವನು ಕೋಣೆಯಿಂದ ಹೊರಬಂದು ಅವರ ಕಾಲುಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದನು. ಕೆಲವು ಸಲ ಅವರು ಬಲವಂತದಿಂದ ಅವನ ಪಾದರಕ್ಷೆಯನ್ನು ಬಿಚ್ಚಿಸಿ ತಾವೂ ಅವನ ಕಾಲು ತೊಳೆದರು. ಇಲ್ಲದಿದ್ದರೆ ಅವನು ಅವನ್ನು ತಿಂಗಳುಗಟ್ಟಲೆ ಬಿಚ್ಚುತ್ತಿರಲಿಲ್ಲ. ತನ್ನ ಏಕಾಂತ ದೊಡ್ಡದೆಂದು ಅವರು ಬೆರಗಾದರೆ ಅವನು ಒಪ್ಪುತ್ತಿರಲಿಲ್ಲ. ಮಠದಲ್ಲಿ ಹಿರಿಯರ ಆಜ್ಞೆಗೆ ಒಳಪಟ್ಟು ಹತ್ತು ಜನರೊಡನೆ ಬಾಳುವುದೇ ಹೆಚ್ಚಿನದೆಂದು ತಿಳಿಯಹೇಳುತ್ತಿದ್ದನು.

ಅತಿಥಿಶಾಲೆಗೆ ಸೇರಿದ ಒಂದು ಚಿಕ್ಕ ಕಥೆಯಿದೆ. ಕಾಗೆಗಳೆರಡು ಅದರ ಸೂರಿನ ಹುಲ್ಲನ್ನು ಕಿತ್ತು ಗೂಡಿಗೆ ಒಯ್ಯುತ್ತಿದ್ದವು. ಕತ್‌ಬರ್ಟನು ಅವನ್ನು ಗದರಿಸಿ ದ್ವೀಪದಿಂದ ಹೊರಡಿಸಿದನು. ಮೂರು ದಿನಗಳಾದ ಮೇಲೆ ಒಂದು ಕಾಗೆ ಬಂದು, ರೆಕ್ಕೆಯನ್ನು ಇಳಿಬಿಟ್ಟು ತಲೆ ಬಾಗಿಸಿ ನಿಂತಿತು. ಕ್ಷಮೆ ದೊರಕಿತು. ಅದು ಹೋಗಿ ಜೊತೆಯದನ್ನೂ ಕರೆದುಕೊಂಡು, ಕಾಣಿಕೆಯಾಗಿ ಹಂದಿಯ ಕೊಬ್ಬಿನ ಒಂದು ಉಂಡೆಯನ್ನು ತಂದಿತು. ಆ ಕೊಬ್ಬನ್ನು ಕತ್‌ಬರ್ಟನು ಬಂದವರಿಗೆ ಪಾದರಕ್ಷೆಗೆ ಸವರಿಕೊಳ್ಳಲು ಕೊಡುತ್ತಿದ್ದನು. ಅತಿಥಿಗಳ ಸೂರಿನಿಂದ ಕದ್ದದ್ದಕ್ಕೆ ದಂಡ ಅತಿಥಿಗಳ ಕಾಲಿಗೇ ಸಂದಿತು. ನ್ಯಾಯ ಎಷ್ಟು ಅಚ್ಚುಕಟ್ಟು!

ಊಟಕ್ಕೆ ಮೊದಲು ಮಠದಿಂದ ರೊಟ್ಟಿ ಬರುತ್ತಿತ್ತು. ಪರರ ಶ್ರಮದಲ್ಲಿ ಉಣ್ಣುವುದು ಬೇಡವೆಂದು ಉಪಕರಣಗಳನ್ನೂ ಗೋದಿಯನ್ನೂ ತರಿಸಿ ವಸಂತಕಾಲದಲ್ಲಿ ಬಿತ್ತಿದನು. ನಡುಬೇಸಿಗೆಯಾದರೂ ಒಂದು ಮೊಳಕೆಯೂ ಏಳಲಿಲ್ಲ. ಜವೆಗೋದಿಯನ್ನಾದರೂ ನೋಡೋಣ, ಅದೂ ಬೆಳೆಯದಿದ್ದರೆ ಮಠಕ್ಕೇ ಹಿಂದಿರುಗುವುದೆಂದು ನಿಶ್ಚಯಿಸಿ, ಹದ ಮೀರಿದ ಕಾಲದಲ್ಲಿ ಬಿತ್ತಿದನು. ಅದು ಹುಲುಸಾಗಿ ಬೆಳೆಯಿತು. ಒಂದು ಹಿಡಿ ಜವೆಯ ಮೇಲೆ ಆ ಏಕಾಂತವಾಸ ನಿಂತಿತ್ತೆಂದಾಯಿತು.

ವರ್ಷ ಕಳೆದಂತೆ ಅವನು ಒಳಗೊಳಗೆ ಸರಿದನು. ಹೊರಬರುವುದನ್ನು ಬಿಟ್ಟು ಕಿಟಕಿಯಿಂದ ಮಾತ್ರ ಮಾತಾಡತೊಡಗಿದನು. ಅನಂತರ ಅದನ್ನೂ ಮುಚ್ಚಿ, ಆಶೀರ್ವಾದಕ್ಕೋ ಅತ್ಯಗತ್ಯದ ಕಾರ್ಯಕ್ಕೋ ಮಾತ್ರ ತೆರೆಯತೊಡಗಿದನು. ಒಳಮನೆ ಗೆದ್ದಿತೆಂದು ತೋರಿತು.

ಆಗ ಬಾಯ್ಸಿಲನ ಭವಿಷ್ಯ ದೋಣಿಯೇರಿ ಬಂದಿತು. 684ರಲ್ಲಿ ಆಲ್ನ್ ನದಿಯ ದಡದಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಿಯೊಡೋರನ ಅಧ್ಯಕ್ಷತೆಯಲ್ಲಿ ಸೇರಿದ ಧರ್ಮಸಭೆ ಕತ್‌ಬರ್ಟನನ್ನು ಬಿಷಪ್ ಪದವಿಗೆ ಆರಿಸಿತು. ಓಲೆಗಳು ಹೋದವು, ದೂತರು ಹೋದರು, ಅವನು ಕದಲಲಿಲ್ಲ. ಕಡೆಗೆ ದೊರೆ ಎಗ್‌ಫ್ರಿತನೇ ಬಿಷಪ್ ಟ್ರಮ್‌ವೈನನನ್ನೂ ರಾಜ್ಯದ ಪ್ರಮುಖರನ್ನೂ ಕರೆದುಕೊಂಡು ದ್ವೀಪಕ್ಕೆ ಬಂದು ಮಂಡಿಯೂರಿದನು. ಅಳುತ್ತ ಬೇಡಿಕೊಂಡವರ ಜೊತೆಗೆ ತಾನೂ ಅಳುತ್ತ ಕತ್‌ಬರ್ಟನು ಹೊರಬಂದನು. 685ರ ಮಾರ್ಚ್ 26ರ ಈಸ್ಟರ್ ದಿನ ಯಾರ್ಕಿನಲ್ಲಿ ದೀಕ್ಷೆಯಾಯಿತು. ಅವನಿಗೆ ಗೊತ್ತಾಗಿದ್ದುದು ಹೆಕ್ಸಮ್. ಈಟನು ಅದನ್ನು ತಾನು ವಹಿಸಿಕೊಂಡು ಲಿಂಡಿಸ್‌ಫಾರ್ನನ್ನು ಅವನಿಗೆ ಬಿಟ್ಟುಕೊಟ್ಟನು.

ಬಿಷಪ್ ಆಗಿದ್ದ ಎರಡು ವರ್ಷಗಳನ್ನು ಇಲ್ಲಿ ವಿಸ್ತರಿಸಬೇಕಿಲ್ಲ. ಮತ್ತೆ ಬೆಟ್ಟದ ಹಳ್ಳಿಗಳು, ರೋಗಿಗಳು, ಬಡವರು. ದೀಕ್ಷೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ಮೇ 20ರಂದು, ಎಗ್‌ಫ್ರಿತನು ಪಿಕ್ಟರ ಮೇಲೆ ದಂಡೆತ್ತಿ ಹೋಗಿ ಸತ್ತನು. ಆ ದಿನ ಕತ್‌ಬರ್ಟನು ಕಾರ್ಲೈಲ್ ಪಟ್ಟಣದಲ್ಲಿ, ಊರವರು ತೋರಿಸುತ್ತಿದ್ದ ರೋಮನರ ಕಾಲದ ಕೋಟೆಗೋಡೆಯನ್ನು ನೋಡುತ್ತಿದ್ದವನು ತಟ್ಟನೆ ನಿಂತು ತಲೆತಗ್ಗಿಸಿದನಂತೆ. ಅದೇ ಪಟ್ಟಣದಲ್ಲಿ, ಮತ್ತೊಮ್ಮೆ ಬಂದಾಗ, ಅವನು ತನ್ನ ಗೆಳೆಯ ಹರ್ಬರ್ಟನನ್ನು ಕಡೆಯ ಸಲ ಕಂಡನು. ಡರ್ವೆಂಟ್ ಸರೋವರದ ನಡುವಣ ಒಂದು ನಡುಗಡ್ಡೆಯಲ್ಲಿ ಒಂಟಿಯಾಗಿದ್ದ ಆ ತಪಸ್ವಿ ವರ್ಷಕ್ಕೊಮ್ಮೆ ಬಂದು ಕತ್‌ಬರ್ಟನನ್ನು ಕಂಡುಹೋಗುತ್ತಿದ್ದನು. ಇನ್ನು ಈ ಲೋಕದಲ್ಲಿ ಭೇಟಿಯಿಲ್ಲವೆಂದು ತಿಳಿದಾಗ ಅವನು ಕಾಲು ಹಿಡಿದು ಅತ್ತನು. ಇಬ್ಬರೂ ಒಂದೇ ದಿನ ಹೋಗುವಂತಾಗಲೆಂದು ಕೇಳಿಕೊಂಡನು. ಹಾಗೆಯೇ ಆಯಿತು.

686ರ ಕ್ರಿಸ್‌ಮಸ್ ಕಳೆದೊಡನೆ ಕತ್‌ಬರ್ಟನು ಅಧಿಕಾರವನ್ನು ಬಿಟ್ಟು ಫಾರ್ನಿಗೆ ಮರಳಿದನು. ಸಾಯುವುದಕ್ಕೇ ಹೋದನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಅತಿಥಿಗಳು ಬಂದರು. ಅವರೊಡನೆ ಅವನು ನಡೆದುಕೊಂಡ ರೀತಿ ಬದಲಾಗಿರಲಿಲ್ಲ. ಹಬ್ಬದ ದಿನಗಳಲ್ಲಿ ಬಂದವರಿಗೆ ಅತಿಥಿಶಾಲೆಯ ಗೋಡೆಗೆ ತೂಗುಹಾಕಿದ್ದ ಹೆಬ್ಬಾತನ್ನು ತೋರಿಸಿ, ಬೇಯಿಸಿ ಉಂಡು ಹೊರಡಿರೆಂದು ಹೇಳಿಹೋದನು. ಅವರು ತಮ್ಮ ಬುತ್ತಿಯೇ ಸಾಕೆಂದು ಅದನ್ನು ಮುಟ್ಟಲಿಲ್ಲ. ದೋಣಿ ಏರಬೇಕೆನ್ನುವಾಗ ಬಿರುಗಾಳಿ ಎದ್ದಿತು. ಏಳು ದಿನ ಅವರು ಅಲ್ಲಿಯೇ ಸಿಕ್ಕಿಕೊಂಡರು. ಏಳನೆಯ ದಿನ ಕತ್‌ಬರ್ಟನು ಬಂದು ನೋಡುತ್ತಾನೆ, ಹೆಬ್ಬಾತು ಹಾಗೆಯೇ ತೂಗುತ್ತಿದೆ! ಕಡಲು ಶಾಂತವಾಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲವೆಂದು ನಗುತ್ತ ಅದನ್ನು ಒಲೆಗೆ ಏರಿಸಲು ಹೇಳಿದನು. ಪಾತ್ರೆಯ ನೀರು ಕುದಿಯುತ್ತಲೇ ಕಡಲಿನ ನೀರು ತಣ್ಣಗಾಯಿತು. ಇಕ್ಕಿದ ಊಟವನ್ನು ಬಿಟ್ಟು ಹೊರಟವರು ನಾಚಿಕೆಯಿಂದಲೂ ಸಂತೋಷದಿಂದಲೂ ಊರು ಸೇರಿದರು. ನಮ್ಮ ಕಡೆಯ ಅಜ್ಜಿಯರು ಕೇಳಿದ್ದರೆ ತಕ್ಕ ಶಾಸ್ತಿಯಾಯಿತೆನ್ನುತ್ತಿದ್ದರು.

ಸುಮಾರು ಎರಡು ತಿಂಗಳ ಮೇಲೆ ಒಂದು ಬುಧವಾರ ಕಾಯಿಲೆ ಹಿಡಿಯಿತು. ಆಗ ದ್ವೀಪದಲ್ಲಿದ್ದ ಹೆರೆಫ್ರಿತನು ಬೆಳಗ್ಗೆ ಬಂದು ಎಂದಿನಂತೆ ಸದ್ದು ಮಾಡಿದಾಗ ಕಿಟಕಿಯಿಂದ ಒಂದು ನಿಟ್ಟುಸಿರು ಮಾತ್ರ ಕೇಳಿಸಿತು. ಮುಂದೆ ನಡೆದದ್ದನ್ನು ಬೀಡನಿಗೆ ಹೇಳಿದವನು ಅವನೇ. ಆರೈಕೆಗೆ ಯಾರನ್ನಾದರೂ ಬಿಟ್ಟುಹೋಗುತ್ತೇನೆಂದರೆ ಕತ್‌ಬರ್ಟನು ಒಪ್ಪಲಿಲ್ಲ, ಎಲ್ಲರನ್ನೂ ಕಳುಹಿಸಿಬಿಟ್ಟನು. ದೋಣಿ ಮಠ ಸೇರಿದ ಮೇಲೆ ಬಿರುಗಾಳಿ ತೊಡಗಿ ಐದು ದಿನ ಐದು ರಾತ್ರಿ ನಿಲ್ಲಲಿಲ್ಲ. ಆರೇಳು ಮೈಲಿಯ ಆಚೆ ಸಹೋದರರು ಉಪವಾಸ ಪ್ರಾರ್ಥನೆಗಳಲ್ಲಿ ತೊಡಗಿದ್ದರು. ಈಚೆ ರೋಗಿ ಒಬ್ಬನೇ.

ಗಾಳಿ ತಗ್ಗಿ ದೋಣಿ ದಡ ಮುಟ್ಟಿದಾಗ ಅವನನ್ನು ಹುಡುಕಬೇಕಾಗಲಿಲ್ಲ. ಅವನು ಅತಿಥಿಶಾಲೆಯಲ್ಲಿ ಕುಳಿತಿದ್ದನು. ಬಂದವರು ತನ್ನನ್ನು ಅರಸಿಕೊಂಡು ಒಳಗೋಡೆಯವರೆಗೆ ನಡೆಯುವ ತೊಂದರೆ ತಪ್ಪಲೆಂದು, ಗಾಳಿ ಎದ್ದ ದಿನವೇ ನಡೆಯಲಾರದ ಕಾಲನ್ನು ಎಳೆದುಕೊಂಡು ಇಲ್ಲಿಗೆ ಬಂದು ಕುಳಿತವನು ಐದು ದಿನ ಕದಲಿರಲಿಲ್ಲ. ಹೆರೆಫ್ರಿತನು ನೀರು ಕಾಯಿಸಿ, ಬಾತು ಹುಣ್ಣಾಗಿದ್ದ ಪಾದವನ್ನು ತೊಳೆದನು; ಸ್ವಲ್ಪ ದ್ರಾಕ್ಷಾರಸವನ್ನು ಬೆಚ್ಚಗೆ ಮಾಡಿ ಕುಡಿಸಿದನು. ಏನು ಉಂಡೆಯೆಂದು ಕೇಳಿದಾಗ ಕತ್‌ಬರ್ಟನು ಹಾಸಿಗೆಯ ಹೊದಿಕೆಯನ್ನು ಸರಿಸಿ ಐದು ಈರುಳ್ಳಿಗಳನ್ನು ತೋರಿಸಿದನು. ಒಂದನ್ನು ಮಾತ್ರ ಕಚ್ಚಿದ ಗುರುತಿತ್ತು. ಅದರಲ್ಲಿಯೂ ಅರ್ಧ ಮುಗಿದಿರಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಐದು ದಿನಗಳಂಥ ಒಳಹೋರಾಟ ತನಗೆಂದೂ ಬಂದಿರಲಿಲ್ಲವೆಂದು ಅವನು ತಿಳಿಸಿದನು. ಅದೇನೆಂದು ಕೇಳುವ ಧೈರ್ಯ ಹೆರೆಫ್ರಿತನಿಗಾಗಲಿಲ್ಲ. ಜೀವಮಾನವೆಲ್ಲ ಬಯಸಿದ ಸಂಪೂರ್ಣ ಏಕಾಂತ ಕಡಲಿನ ಕೃಪೆಯಿಂದ ಕೊನೆಗೆ ಲಭಿಸಿದಾಗ, ಆ ಮನುಷ್ಯ ಅದನ್ನು ಕಳೆದದ್ದು ಒಳಮನೆಯಲ್ಲಲ್ಲ. ಅತಿಥಿಗಳ ಮನೆಯಲ್ಲಿ, ದಡದ ಕಡೆ ಕಿವಿಗೊಟ್ಟು.

ಆಮೇಲಿನ ಚರ್ಚೆಯೂ ಅತಿಥಿಗಳ ವಿಷಯವೇ. ತನ್ನನ್ನು ಈ ದ್ವೀಪದಲ್ಲಿಯೇ ಹೂಳಬೇಕೆಂದು ಅವನ ಇಚ್ಛೆ. ಶವವಸ್ತ್ರವೂ ಸಿದ್ಧವಿತ್ತು, ಕಲ್ಲಿನ ಶವಪೆಟ್ಟಿಗೆಯೂ ಹುಲ್ಲುಮಣ್ಣಿನ ಕೆಳಗೆ ಇತ್ತು. ಲಿಂಡಿಸ್‌ಫಾರ್ನಿನಲ್ಲಿ ಹೂಳಿದರೆ ಓಡಿಬಂದ ಅಪರಾಧಿಗಳೆಲ್ಲ ಸಮಾಧಿಯ ಆಶ್ರಯಕ್ಕೆ ಬರುವರು, ಅವರ ಪರವಾಗಿ ಪ್ರಭುಗಳ ಮುಂದೆ ನಿಂತು ಬೇಡುವ ಕಷ್ಟ ಮಠದವರ ಪಾಲಿಗೆ ಬರುವುದು ಎಂಬುದು ಅವನ ಮುಂದಾಲೋಚನೆ. ಆ ಶ್ರಮ ತಮಗೆ ಹಗುರವೆಂದು ಸಹೋದರರು ಹಟ ಹಿಡಿದರು. ಹಾಗಾದರೆ ಚರ್ಚಿನ ಒಳಗೆ ಹೂಳಿರಿ, ಆಗ ಯಾರನ್ನು ಬಿಡಬೇಕು, ಯಾವಾಗ ಬಿಡಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ ಎಂದು ಕೊನೆಗೆ ಒಪ್ಪಿದನು. ಸಾಯುವ ವೇಳೆ ಸಮೀಪಿಸಿದಾಗ ಅವನನ್ನು ಒಳಮನೆಗೆ ಹೊತ್ತುಕೊಂಡು ಹೋದರು. ಹಲವು ವರ್ಷಗಳಿಂದ ಆ ಬಾಗಿಲನ್ನು ಬೇರೆ ಯಾರೂ ದಾಟಿರಲಿಲ್ಲ. ಒಬ್ಬನನ್ನಾದರೂ ಜೊತೆಗೆ ಬಿಟ್ಟುಕೊಳ್ಳಬೇಕೆಂದು ಬೇಡಿದಾಗ ಅವನು ಆರಿಸಿದ್ದು ವಾಲ್‌ಸ್ಟಾಡ್ ಎಂಬ, ಬಹುಕಾಲದ ಅತಿಸಾರದಿಂದ ನರಳುತ್ತಿದ್ದ ರೋಗಿಯನ್ನು. ಅಂತ್ಯದ ಬುದ್ಧಿವಾದವನ್ನು ಹೆರೆಫ್ರಿತನು ಬಲು ಕಷ್ಟದಿಂದ ಕೇಳಿ ಪಡೆದನು: ನಿಮ್ಮಲ್ಲಿ ಒಮ್ಮತವಿರಲಿ; ಆಶ್ರಯ ಕೇಳಿ ಬರುವ ಭಕ್ತರನ್ನು ತಾತ್ಸಾರ ಮಾಡದೆ ಬರಮಾಡಿಕೊಂಡು, ಇರಿಸಿಕೊಂಡು, ಪ್ರೀತಿಯಿಂದ ಕಳುಹಿಸಿ; ಎಂದಾದರೂ ಊರು ಬಿಡಬೇಕಾಗಿ ಬಂದರೆ ನನ್ನ ಎಲುಬುಗಳನ್ನೂ ಅಗೆದು ತೆಗೆದುಕೊಂಡು ಹೊರಡಿ ಎಂಬುದು ಅದರ ತಾತ್ಪರ್ಯ.

687ರ ಮಾರ್ಚ್ 20ರಂದು, ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ, ಆತ ತೀರಿಕೊಂಡನು. ಒಬ್ಬ ಸಂನ್ಯಾಸಿ ಎರಡು ದೀವಟಿಗೆಗಳನ್ನು ಹೊತ್ತಿಸಿ, ಎರಡು ಕೈಗಳಲ್ಲಿ ಹಿಡಿದು, ಎತ್ತರದ ಜಾಗದಲ್ಲಿ ನಿಂತನು. ಲಿಂಡಿಸ್‌ಫಾರ್ನಿನ ಕಾವಲುಗೋಪುರದಲ್ಲಿ ಅದಕ್ಕಾಗಿಯೇ ಕಾದಿದ್ದವನು ಕಂಡು ಚರ್ಚಿಗೆ ಓಡಿದನು.

ಹನ್ನೊಂದು ವರ್ಷಗಳ ಮೇಲೆ, 698ರಲ್ಲಿ, ಸಮಾಧಿ ತೆರೆದಾಗ ದೇಹ ಕೆಡದೆ ಇತ್ತೆನ್ನುತ್ತಾರೆ. 793ರಲ್ಲಿ ವೈಕಿಂಗರು ಮಠವನ್ನು ಸೂರೆಗೊಂಡರು. 875ರಲ್ಲಿ ಸಂನ್ಯಾಸಿಗಳು ಅವನ ಮಾತಿನಂತೆಯೇ ದೇಹವನ್ನು ಹೊತ್ತು ದ್ವೀಪವನ್ನು ಬಿಟ್ಟರು. ಅಲೆದಾಟದ ಕೊನೆಗೆ 995ರಲ್ಲಿ ಅದು ಡರಮ್ಮಿಗೆ ಬಂದಿತು. ಅಲ್ಲಿಯ ಮಹಾಮಂದಿರ ಎದ್ದದ್ದು ಅದರ ಸುತ್ತ. 1104ರಲ್ಲಿ ಶವಪೆಟ್ಟಿಗೆಯಲ್ಲಿ ಯೋಹಾನನ ಸುವಾರ್ತೆಯ ಅಂಗೈಯಗಲದ ಪ್ರತಿಯೊಂದು ದೊರಕಿತು. ಬಾಯ್ಸಿಲನು ಓದಿಸಿದ ಗ್ರಂಥವೇ. ಆದರೆ ಪ್ರತಿ ಸ್ವಲ್ಪ ಈಚಿನದು. ಅಂದಿನ ರಟ್ಟು ಕೂಡ ಹರಿಯದೆ ಉಳಿದಿರುವ ಆ ಪುಸ್ತಕವನ್ನು 2012ರಲ್ಲಿ ಬ್ರಿಟಿಷ್ ಲೈಬ್ರರಿ 90 ಲಕ್ಷ ಪೌಂಡು ಕೊಟ್ಟು ಕೊಂಡಿತು. ಫಾರ್ನಿನ ಕಲ್ಲುಗಳ ನಡುವೆ ಗೂಡುಕಟ್ಟುವ ಐಡರ್ ಬಾತುಗಳನ್ನು ಆ ಕರಾವಳಿಯ ಜನ ಇಂದಿಗೂ ಕತ್‌ಬರ್ಟನ ಮುದ್ದು ಹೆಸರಿನಿಂದ ಕಡ್ಡಿಯ ಬಾತುಗಳೆಂದು ಕರೆಯುತ್ತಾರೆ.

ಅವನು ಹೋದ ಮೇಲೆ ಆ ಮನೆಗೆ ಏಥೆಲ್ವಾಲ್ಡ್ ಎಂಬ ಇನ್ನೊಬ್ಬ ತಪಸ್ವಿ ಬಂದು ಹನ್ನೆರಡು ವರ್ಷ ಇದ್ದನು. ಪ್ರಾರ್ಥನಾಮಂದಿರದ ಹಲಗೆಗಳು ಸಡಿಲವಾಗಿ ಗಾಳಿ ನುಗ್ಗುತ್ತಿತ್ತು. ಕತ್‌ಬರ್ಟನು ಆ ಸಂದುಗಳಿಗೆ ಹುಲ್ಲನ್ನೋ ಮಣ್ಣನ್ನೋ ತುರುಕಿ ಕಾಲ ಕಳೆದಿದ್ದನು. ಏಥೆಲ್ವಾಲ್ಡನು ತನ್ನನ್ನು ಕಾಣಲು ಬಂದ ಸಹೋದರರಿಂದ ಒಂದು ಕರುವಿನ ಚರ್ಮವನ್ನು ಕೇಳಿ ಪಡೆದು, ಇಬ್ಬರೂ ಮಂಡಿಯೂರುತ್ತಿದ್ದ ಮೂಲೆಯಲ್ಲಿ ಗಾಳಿಗೆ ಅಡ್ಡವಾಗಿ ಮೊಳೆ ಹೊಡೆದು ನಿಲ್ಲಿಸಿದನು.